ಸಣ್ಣಜ್ಜನ ಗೋದಾವರಿ: ಕಲ್ಲು ನಿಲ್ಲದ ಒಂದು ಸೇವಾಚರಿತ್ರೆ

ನನ್ನ ಹುಟ್ಟೂರು ಉಪ್ಪಿನಬೆಟಗೇರಿ. ಹೆಸರಿನಲ್ಲಿ ಉಪ್ಪಿದ್ದರೂ ಸಮುದ್ರಕ್ಕೂ ಈ ಊರಿಗೂ ನಂಟಿಲ್ಲ. ಧಾರವಾಡ ತಾಲೂಕಿನ ಎರೆಸೀಮೆಯ ಊರಿದು. ಜೋಳ, ಹತ್ತಿ, ಕಡಲೆಗಳ ನೆಲ. “ನಮ್ಮೂರಾಗ ಕಡಲಿ ಐತಿ, ಕಡಲಿಲ್ಲ” ಎಂದು ನಮ್ಮ ಸಣ್ಣಜ್ಜ ಆಗಾಗ ನಗೆಯಾಡುತ್ತಿದ್ದರು. ಅವರು ನನ್ನ ಅಜ್ಜನ ಕಿರಿಯ ತಮ್ಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮನೆಯವರಿಗೆ ಹೇಳದೆ ಮುಂಬಯಿಗೆ ಹೋಗಿ, ಅಂದಿನ ರಾಯಲ್ ಇಂಡಿಯನ್ ನೇವಿಯನ್ನು ಸೇರಿದವರು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತಾದ್ದರಿಂದ ಮುಂಬಯಿಗೆ ಹೋಗುವುದು ನಮ್ಮ ಕಡೆಯ ಹುಡುಗರಿಗೆ ಪರದೇಶಕ್ಕೆ ಹೋದಂತೇನೂ ಆಗಿರಲಿಲ್ಲ. 1946ರಲ್ಲಿ ಅವರು ಮರಳಿ ಬಂದು, ಉಳಿದ ಬದುಕನ್ನೆಲ್ಲ ಒಕ್ಕಲುತನದಲ್ಲಿ ಕಳೆದರು. ಊರವರು ಅವರನ್ನು ‘ಹಡಗಿನ ಅಜ್ಜ’ ಎನ್ನುತ್ತಿದ್ದರು. ಕೆಲವರು ಚೇಷ್ಟೆಗೆ ‘ನೀರ ಕೇಳಾಂವ’ ಎಂದೂ ಕರೆಯುತ್ತಿದ್ದರು.

ಈ ಎರಡನೆಯ ಹೆಸರಿಗೆ ಕಾರಣ ಅವರೇ. ಯುದ್ಧದಲ್ಲಿ ಏನು ಮಾಡಿದಿರಿ ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ: “ಏನೂ ಆಗಲಿಲ್ಲೋ ತಮ್ಮಾ. ನೀರಿನ ದನಿ ಕೇಳಕೋತ ಕುಂತಿದ್ದೆ.” ಚಿಕ್ಕಂದಿನಲ್ಲಿ ನಾನೂ ಈ ಮಾತನ್ನು ಒಂದು ಒಗಟಿನಂತೆ ಕೇಳಿ ನಕ್ಕಿದ್ದೇನೆ. ಬಂದೂಕಿನ ಕಥೆ, ಬಾಂಬಿನ ಕಥೆ ಬಯಸಿದ ಹುಡುಗನಿಗೆ ನೀರಿನ ದನಿ ಎಷ್ಟರದು?

ಮುಂದೆ ನಾನು ವೀರಗಲ್ಲುಗಳನ್ನು ಕುರಿತು ಪಿಎಚ್.ಡಿ. ಪ್ರಬಂಧ ಬರೆದೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಕಾಳಗಗಳನ್ನು ವರ್ಗೀಕರಿಸಿದೆ. ಊರೂರು ಅಲೆದು, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತ ಕಲ್ಲುಗಳ ಪಡಿಯಚ್ಚು ತೆಗೆದೆ. ಎಂಟುನೂರು ವರ್ಷಗಳ ಹಿಂದೆ ಮಡಿದ ತುರುಗಾಹಿಯ ಹೆಸರನ್ನು ಓದಲು ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ಕುಳಿತವನು, ರಜೆಗೆ ಊರಿಗೆ ಬಂದಾಗ ಪಡಸಾಲೆಯ ಕಂಬಕ್ಕೆ ಒರಗಿ ಕೂತ ಸಣ್ಣಜ್ಜನನ್ನು ಒಂದು ತಾಸು ಕೂಡ ಕೇಳಲಿಲ್ಲ. ನನ್ನ ಕ್ಷೇತ್ರಕಾರ್ಯ ನಡೆದಿದ್ದ ದಿನಗಳಲ್ಲೇ ಅವರು ತೀರಿಕೊಂಡರು. ಈ ಬರೆಹದ ಹಿಂದೆ ಇರುವ ಅಳುಕು ಅದೇ; ಅದನ್ನು ಮೊದಲೇ ಹೇಳಿಬಿಡುವುದು ಲೇಸು.

ಈಚೆಗೆ ಊರಿನ ಹಳೆಯ ಮನೆಯನ್ನು ಇಳಿಸುವಾಗ ಒಂದು ಕಬ್ಬಿಣದ ಟ್ರಂಕು ದೊರೆಯಿತು. ಅದರಲ್ಲಿ ಜಮೀನಿನ ಕಾಗದಪತ್ರಗಳ ಕೆಳಗೆ, ನಾಲ್ಕು ಮಡಿಕೆಯಾಗಿದ್ದ ಸಣ್ಣಜ್ಜನ ಸೇವಾ ಪ್ರಮಾಣಪತ್ರವಿತ್ತು. ಮಡಿಕೆಗಳಲ್ಲಿ ಹರಿದಿತ್ತು, ಒಂದು ಅಂಚನ್ನು ಗೆದ್ದಲು ತಿಂದಿತ್ತು. ತ್ರುಟಿತ ಶಾಸನವೊಂದನ್ನು ಓದುವಂತೆಯೇ ನಾನು ಅದನ್ನು ಓದಬೇಕಾಯಿತು. ಹಡಗುಗಳ ಹೆಸರು, ಸೇರಿದ ದಿನ, ಬಿಟ್ಟ ದಿನ, ನಡತೆ ಎಂಬ ನಾಲ್ಕು ಅಂಕಣಗಳು. ನಡತೆಯ ಅಂಕಣದಲ್ಲಿ ಪ್ರತಿ ಸಲವೂ ‘ಬಹಳ ಒಳ್ಳೆಯದು’ ಎಂಬರ್ಥದ ಎರಡು ಅಕ್ಷರ.

ಮೊದಲು ಕಣ್ಣಿಗೆ ಬಿದ್ದ ಹೆಸರು ‘ಮಛಲೀಮಾರ್’. ಅದನ್ನು ಓದಿದಾಗ ನಮ್ಮ ಮನೆಯ ಒಂದು ಹಳೆಯ ಕಥೆ ನೆನಪಾಗಿ ನಗೆ ಬಂದಿತು. ಸಣ್ಣಜ್ಜ ಮುಂಬಯಿಯಿಂದ ಬರೆದ ಮೊದಲ ಕಾಗದದಲ್ಲಿ ತಾನು ಮಛಲೀಮಾರ್‌ನಲ್ಲಿದ್ದೇನೆ ಎಂದು ತಿಳಿಸಿದ್ದರಂತೆ. ಕಾಗದ ಓದಿ ಹೇಳಿದವರು ಆ ಹಿಂದಿ ಮಾತಿನ ಅರ್ಥವನ್ನೂ ಹೇಳಿದರು. ಸಂಜೆಯಾದ ಮೇಲೆ ಉಣ್ಣದ, ನೀರು ಸೋಸದೆ ಕುಡಿಯದ ಮನೆ ನಮ್ಮದು. ಮಗ ಮೀನು ಹಿಡಿಯುವ ಕೆಲಸಕ್ಕೆ ಸೇರಿದನೆಂದು ಮುತ್ತಜ್ಜಿ ಎರಡು ದಿನ ಅನ್ನ ಬಿಟ್ಟಿದ್ದರಂತೆ. ನಿಜವಾಗಿ ಎಚ್.ಎಂ.ಐ.ಎಸ್. ಮಛಲೀಮಾರ್ ಎಂಬುದು ಮುಂಬಯಿಯ ವರ್ಸೋವಾದಲ್ಲಿದ್ದ, ಜಲಾಂತರ್ಗಾಮಿಗಳ ವಿರುದ್ಧ ಹೋರಾಡುವ ವಿದ್ಯೆಯನ್ನು ಕಲಿಸುತ್ತಿದ್ದ ನೌಕಾಶಾಲೆ. ದಡದ ಮೇಲಿನ ಶಾಲೆಗಳಿಗೂ ಹಡಗಿನಂತೆ ಹೆಸರಿಡುವುದು ನೌಕಾಪಡೆಯ ರೂಢಿ.

ಸಣ್ಣಜ್ಜನ ಹುದ್ದೆಯ ಮುಂದೆ ‘ಎಸ್.ಡಿ.’ ಎಂಬ ಸಂಕ್ಷೇಪವಿತ್ತು. ಅದು ‘ಸಬ್‌ಮರೀನ್ ಡಿಟೆಕ್ಟರ್’, ಎಂದರೆ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವವನು ಎಂದು ತಿಳಿದ ಸಂಜೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನೀರಿನ ದನಿ ಕೇಳುವುದೆಂಬುದು ಒಗಟಾಗಿರಲಿಲ್ಲ. ಅದು ಅವರ ಹುದ್ದೆಯ ನೇರವಾದ, ಸರಿಯಾದ ಕನ್ನಡ ಅನುವಾದವಾಗಿತ್ತು.

ಅಂದಿನ ಬೆಂಗಾವಲು ಹಡಗುಗಳ ತಳದಲ್ಲಿ ‘ಆಸ್ಡಿಕ್’ ಎಂಬ ಯಂತ್ರವಿರುತ್ತಿತ್ತು. ಇಂದು ಸೋನಾರ್ ಎನ್ನುತ್ತೇವೆ. ಅದು ನೀರಿನೊಳಗೆ ಒಂದು ಸಣ್ಣ ನಾದವನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಎದುರಿಗೆ ಏನಾದರೂ ಇದ್ದರೆ ಅದು ತಾಗಿ ಮಾರ್ದನಿಯಾಗಿ ಮರಳುತ್ತದೆ. ನಾದ ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಮರಳಿದ ದನಿಯ ಶ್ರುತಿ ಏರಿದ್ದರೆ ವಸ್ತು ಹತ್ತಿರ ಬರುತ್ತಿದೆ, ಇಳಿದಿದ್ದರೆ ದೂರ ಸರಿಯುತ್ತಿದೆ ಎಂದರ್ಥ. ಯಂತ್ರದ ಕೆಲಸ ಇಷ್ಟೇ. ಉಳಿದುದೆಲ್ಲ ಕೇಳುವವನ ಕಿವಿಗೆ ಬಿಟ್ಟದ್ದು. ತಿಮಿಂಗಿಲದಿಂದಲೂ, ಮೀನಿನ ಹಿಂಡಿನಿಂದಲೂ ಮಾರ್ದನಿ ಬರುತ್ತದೆ. ಬೆಚ್ಚಗಿನ ನೀರಿನ ಪದರ ತಣ್ಣನೆಯ ನೀರಿನ ಮೇಲೆ ಕೂತಲ್ಲಿ ನಾದವೇ ಬಾಗಿ ದಾರಿ ತಪ್ಪುತ್ತದೆ. ಇವೆಲ್ಲದರ ನಡುವೆ ಉಕ್ಕಿನ ಮಾರ್ದನಿಯನ್ನು ಬೇರ್ಪಡಿಸಿ ಗುರುತಿಸಬೇಕು. ದಣಿದ ಕಿವಿ ಮೋಸಹೋಗುತ್ತದೆಂದು ಒಬ್ಬನನ್ನೇ ಬಹಳ ಹೊತ್ತು ಕೂರಿಸದೆ ಸರದಿಯ ಮೇಲೆ ಬದಲಿಸುತ್ತಿದ್ದರು.

ನಮ್ಮ ಹಿತ್ತಲಿನ ಬಾವಿಗೆ ಹುಡುಗರು ಕಲ್ಲು ಹಾಕಿದರೆ ಸಣ್ಣಜ್ಜ ಪಡಸಾಲೆಯಿಂದಲೇ “ಈಗ ಎಂಟು ಮಾರು ಕೆಳಗ ಐತಿ ನೀರು” ಎನ್ನುತ್ತಿದ್ದರು. ಹಗ್ಗ ಇಳಿಸಿ ನೋಡಿದರೆ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಅದನ್ನು ನಾವು ಮುದುಕರ ಅನುಭವವೆಂದುಕೊಂಡಿದ್ದೆವು. ಅದು ಕಲಿತ ವಿದ್ಯೆಯ ಉಳಿಕೆಯಾಗಿರಬಹುದೆಂದು ಈಗ ಅನ್ನಿಸುತ್ತದೆ.

ಪ್ರಮಾಣಪತ್ರದಲ್ಲಿ ಅತಿ ಉದ್ದದ ಅವಧಿ ಒಂದೇ ಹಡಗಿನದು: 1944ರ ಮಾರ್ಚಿಯಿಂದ 1945ರ ಕೊನೆಯವರೆಗೆ ಎಚ್.ಎಂ.ಐ.ಎಸ್. ಗೋದಾವರಿ.

ಈ ಹಡಗಿನ ಚರಿತ್ರೆ ದಾಖಲೆಗಳಲ್ಲಿದೆ. ಯುದ್ಧಕಾಲದಲ್ಲಿ ಭಾರತದ ನೌಕಾಪಡೆಗಾಗಿ ಬ್ರಿಟನ್ನಿನಲ್ಲಿ ಕಟ್ಟಿಸಿದ ಬೆಂಗಾವಲು ಹಡಗುಗಳಿಗೆ ನಮ್ಮ ನದಿಗಳ ಹೆಸರನ್ನಿಟ್ಟರು. ಸಟ್ಲೆಜ್, ಜಮ್ನಾ, ನರ್ಬದಾ, ಗೋದಾವರಿ, ಕಿಸ್ತ್ನಾ, ಕಾವೇರಿ. ಇಂಗ್ಲಿಷಿನ ಬಾಯಿಗೆ ಸಿಕ್ಕಿ ಹೆಸರುಗಳು ಕೊಂಚ ಸೊಟ್ಟಗಾಗಿದ್ದವು. ಕೃಷ್ಣೆ ‘ಕಿಸ್ತ್ನಾ’ ಆಗಿದ್ದಳು. ಗೋದಾವರಿಯನ್ನು ಸೌತಾಂಪ್ಟನ್ನಿನ ಬಳಿಯ ವೂಲ್‌ಸ್ಟನ್‌ನಲ್ಲಿ ಥಾರ್ನಿಕ್ರಾಫ್ಟ್ ಕಂಪನಿ ಕಟ್ಟಿತು. 1943ರಲ್ಲಿ ಅದು ಸೇವೆಗೆ ಇಳಿಯಿತು. ಸುಮಾರು 300 ಅಡಿ ಉದ್ದ, 1,300 ಟನ್ನಿನಷ್ಟು ತೂಕ, ನಾಲ್ಕು ಅಂಗುಲದ ಆರು ತೋಪು, ನೀರೊಳಗೆ ಸಿಡಿಯುವ ಆಳಬಾಂಬುಗಳು. ಆ ಕಾಲದಲ್ಲಿ ಈ ಬಗೆಯ ಹಡಗನ್ನು ‘ಸ್ಲೂಪ್’ ಎನ್ನುತ್ತಿದ್ದರು. ಯುದ್ಧಾನಂತರ ಇವನ್ನೇ ‘ಫ್ರಿಗೇಟ್’ ಎಂದು ವರ್ಗೀಕರಿಸಿದರು.

ಕಾವೇರಿ, ಗೋದಾವರಿ ಎಂಬ ಎರಡು ಹೆಸರು ಜೊತೆಯಾಗಿ ಕಂಡರೆ ಕನ್ನಡದ ವಿದ್ಯಾರ್ಥಿಗೆ ತಟ್ಟನೆ ನೆನಪಾಗುವುದು ಕವಿರಾಜಮಾರ್ಗ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಕನ್ನಡ ನಾಡಿನ ಮೇರೆಯನ್ನು ಗುರುತಿಸಿದ್ದು ಈ ಎರಡು ನದಿಗಳಿಂದ. ನರ್ಮದೆಯೂ ನಮಗೆ ಅಪರಿಚಿತಳಲ್ಲ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯನ್ನು ಹೇಳುವ ಐಹೊಳೆಯ ಶಾಸನವೇ, ಅವನು ನೂರಾರು ನಾವೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿಯನ್ನೂ ಹೇಳುತ್ತದೆ. 634ರ ಆ ಶಾಸನವನ್ನು ರಚಿಸಿದ ಕವಿ ರವಿಕೀರ್ತಿ ಯುದ್ಧನಾವೆಗಳನ್ನು ಮದಿಸಿದ ಆನೆಗಳಿಗೆ ಹೋಲಿಸುತ್ತಾನೆ. ಆಕ್ರಮಣದ ನಾವೆಗೆ ಆ ಉಪಮೆ ಒಪ್ಪುತ್ತದೆ. ಆದರೆ ಬೆಂಗಾವಲು ಹಡಗು ಮದದಾನೆಯಲ್ಲ. ನಮ್ಮ ಜೀವನದಲ್ಲಿ ಅದಕ್ಕೆ ಸಾಟಿಯನ್ನು ಹುಡುಕುವುದಾದರೆ ತುರುಗಾಹಿ ಹತ್ತಿರ ಬರುತ್ತಾನೆ. ಸರಕು ಹಡಗುಗಳು ಸಾಲುಗಟ್ಟಿ ಹೊರಡುತ್ತವೆ. ಹಿಂಡಿನ ವೇಗ ಅತಿ ನಿಧಾನದ ಹಡಗಿನ ವೇಗ. ಬೆಂಗಾವಲಿನವನು ಸುತ್ತಲೂ ಅಂಕುಡೊಂಕಾಗಿ ತಿರುಗುತ್ತ, ಕಿವಿಗೊಟ್ಟು, ಎಲ್ಲವನ್ನೂ ಬಂದರಿಗೆ ಮುಟ್ಟಿಸಬೇಕು. ಅಲ್ಲಿ ಏನೂ ಆಗದಿರುವುದೇ ಅವನ ಗೆಲುವು.

ಆದರೆ ಏನಾಗುತ್ತಿತ್ತು ಎಂಬುದಕ್ಕೆ ಅದೇ ವರ್ಷದ, ಅದೇ ಕಡಲಿನ ಒಂದು ನಿದರ್ಶನವಿದೆ. 1944ರ ಫೆಬ್ರುವರಿ 12ರಂದು, ಪೂರ್ವ ಆಫ್ರಿಕದ ಕಿಲಿಂಡಿನಿಯಿಂದ ಕೊಲಂಬೊಗೆ ಬರುತ್ತಿದ್ದ ‘ಖೆದಿವ್ ಇಸ್ಮಾಯಿಲ್’ ಎಂಬ ಸೈನಿಕ ಸಾಗಣೆಯ ಹಡಗನ್ನು ಮಾಲ್ಡೀವ್ಸ್ ಬಳಿ ಜಪಾನಿನ ಐ-27 ಜಲಾಂತರ್ಗಾಮಿ ಹೊಡೆಯಿತು. ಎರಡು ಮೂರು ನಿಮಿಷಗಳಲ್ಲಿ ಹಡಗು ಮುಳುಗಿತು. ಆಫ್ರಿಕದ ಸೈನಿಕರು, ಬ್ರಿಟಿಷ್ ನಾವಿಕರು, ದಾದಿಯರು ಸೇರಿ ಸುಮಾರು 1,300 ಮಂದಿ ಸತ್ತರು. ಬೆಂಗಾವಲಿನ ಎರಡು ಡಿಸ್ಟ್ರಾಯರ್‌ಗಳು ಜಲಾಂತರ್ಗಾಮಿಯನ್ನು ಅಟ್ಟಿಸಿ ಹಾಕಿದ ಆಳಬಾಂಬುಗಳು, ನೀರಿನಲ್ಲಿ ತೇಲುತ್ತಿದ್ದ ಬದುಕಿ ಉಳಿದವರ ನಡುವೆಯೇ ಸಿಡಿದವು. ಹಾಕದಿದ್ದರೆ ಉಳಿದ ಹಡಗುಗಳೂ ಹೋಗುತ್ತಿದ್ದವು ಎಂಬುದು ಅಂದಿನ ತೀರ್ಮಾನ. ಆ ತೀರ್ಮಾನವನ್ನು ಎಂಬತ್ತು ವರ್ಷಗಳ ನಂತರ ಧಾರವಾಡದ ಮನೆಯಲ್ಲಿ ಕುಳಿತು ತೂಗುವ ಯೋಗ್ಯತೆ ನನಗಿಲ್ಲ. ಇದಾದ ತಿಂಗಳೊಳಗೆ, ಇಪ್ಪತ್ತೆರಡು ವರ್ಷದ ಸಣ್ಣಜ್ಜ ಅದೇ ಕಡಲಿನ ದನಿಯನ್ನು ಆಲಿಸಲು ಕುಳಿತರು ಎಂಬುದಷ್ಟೇ ನನಗೆ ಮುಖ್ಯ.

ಅದೇ ವರ್ಷದ ಆಗಸ್ಟಿನಲ್ಲಿ ಜರ್ಮನಿಯ ಯು-198 ಜಲಾಂತರ್ಗಾಮಿ ಆಫ್ರಿಕದ ಪೂರ್ವ ಕರಾವಳಿಯ ಬಳಿ ಸರಕು ಹಡಗುಗಳನ್ನು ಮುಳುಗಿಸುತ್ತ ಬಂದಿತು. ಅದನ್ನು ಹುಡುಕಲು ಹೊರಟ ಪಡೆಯಲ್ಲಿ ವಿಮಾನ ಹೊತ್ತ ಎರಡು ಬೆಂಗಾವಲು ಹಡಗುಗಳೂ ಹಲವು ಫ್ರಿಗೇಟುಗಳೂ ಇದ್ದವು. ಅವುಗಳೊಡನೆ ಗೋದಾವರಿಯೂ ಇತ್ತು. ಆಗಸ್ಟ್ 10ರಂದು ವಿಮಾನವೊಂದು ಅದನ್ನು ಕಂಡಿತು. ಆಗಸ್ಟ್ 12ರಂದು ಸೆಷೆಲ್ಸ್ ದ್ವೀಪಗಳ ಬಳಿ, ಫೈಂಡ್‌ಹಾರ್ನ್ ಎಂಬ ಬ್ರಿಟಿಷ್ ಫ್ರಿಗೇಟೂ ಗೋದಾವರಿಯೂ ಸೇರಿ ಅದನ್ನು ಮುಳುಗಿಸಿದವು. ಫೈಂಡ್‌ಹಾರ್ನ್ ಸ್ಕಾಟ್‌ಲೆಂಡಿನ ಒಂದು ನದಿ. ಆ ನದಿಯ ಹೆಸರು ಹೊತ್ತ ಹಡಗು ಕೆನಡಾದ ಮಾಂಟ್ರಿಯಲ್‌ನಲ್ಲಿ ಕಟ್ಟಿದ್ದು. ದಖ್ಖನದ ನದಿಯೂ ಸ್ಕಾಟ್‌ಲೆಂಡಿನ ನದಿಯೂ ಹಿಂದೂ ಮಹಾಸಾಗರದಲ್ಲಿ ಅಂದು ಒಂದಾದವು. ಯು-198ರಲ್ಲಿದ್ದ 66 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ಅಂದಿನ ಆಯುಧಗಳಲ್ಲಿ ಒಂದರ ಹೆಸರು ‘ಹೆಜ್‌ಹಾಗ್’, ಎಂದರೆ ಮುಳ್ಳುಹಂದಿ. ಅದು ಹಡಗಿನ ಮುಂದಕ್ಕೆ 24 ಬಾಂಬುಗಳನ್ನು ಒಟ್ಟಿಗೆ ಎಸೆಯುತ್ತಿತ್ತು. ಆಳಬಾಂಬಿನಂತೆ ಅವು ಎಲ್ಲಿಯೋ ಸಿಡಿಯುವುದಿಲ್ಲ. ಉಕ್ಕಿಗೆ ತಾಗಿದರೆ ಮಾತ್ರ ಸಿಡಿಯುತ್ತವೆ. ಗುರಿ ತಪ್ಪಿದರೆ ಸದ್ದೇ ಇಲ್ಲ. ಸದ್ದಾಯಿತೆಂದರೆ ಕೆಳಗೆ ಏನಾಯಿತೆಂದು ಕೇಳುವವನಿಗೆ ಗೊತ್ತು. ಮೇಲೆ ನಿಂತವರಿಗೆ ನೀರು ಕದಡಿದ್ದು ಕಾಣುತ್ತದೆ. ಕಿವಿಗೆ ಯಂತ್ರ ಹಾಕಿಕೊಂಡವನಿಗೆ ಉಕ್ಕು ಒಡೆಯುವ ದನಿ, ನೀರು ನುಗ್ಗುವ ದನಿ ಕೇಳುತ್ತದೆ. ಅನಂತರ ಆತ ನಾದ ಬಿಟ್ಟರೆ ಮಾರ್ದನಿ ಬರುವುದಿಲ್ಲ.

ಆ ದಿನ ಆ ಹೊತ್ತಿನಲ್ಲಿ ಯಂತ್ರದ ಮುಂದೆ ಕುಳಿತವರು ಸಣ್ಣಜ್ಜನೇ ಎಂದು ನಾನು ಹೇಳಲಾರೆ. ಸರದಿಯಲ್ಲಿ ಬೇರೆಯವರಿದ್ದಿರಬಹುದು. ಪ್ರಮಾಣಪತ್ರ ಹೇಳುವುದು ಅವರು ಆ ಹಡಗಿನಲ್ಲಿ ಆ ಕೆಲಸದಲ್ಲಿದ್ದರೆಂದು ಮಾತ್ರ. ಸಂಶೋಧಕನು ಅಷ್ಟಕ್ಕೇ ನಿಲ್ಲಬೇಕು. ಆದರೆ “ಏನೂ ಆಗಲಿಲ್ಲ” ಎಂಬ ಅವರ ಮಾತು ನಿಜವಲ್ಲ ಎಂಬುದನ್ನು ನಾನೀಗ ಬಲ್ಲೆ. ಗೋದಾವರಿಯ ಸೇವೆಯಲ್ಲಿ ಏನೂ ಆಗದ ನೂರಾರು ದಿನಗಳಿದ್ದವು, ಎಲ್ಲವೂ ಆದ ಒಂದು ದಿನವಿತ್ತು. ಆ ಒಂದು ದಿನವನ್ನು ಅವರು ನೂರಾರು ದಿನಗಳ ನಡುವೆ ಹೂತಿಟ್ಟರು. ಹೆಮ್ಮೆಪಡಬಹುದಾಗಿದ್ದ ಸಂಗತಿಯನ್ನು ಹೇಳದೇ ಹೋದದ್ದು ವಿನಯದಿಂದಲೋ, ಆ ಮನೆಯ ಪಡಸಾಲೆಯಲ್ಲಿ 66 ಮಂದಿಯ ಸಾವನ್ನು ಹೇಳುವ ಬಗೆ ತಿಳಿಯದೆಯೋ? ಇರುವೆಯನ್ನು ದಾಟಿ ಹೆಜ್ಜೆಯಿಡು ಎಂದು ಮಕ್ಕಳಿಗೆ ಹೇಳುವ ಮನೆ ಅದು. ನಾನು ಕೇಳಬೇಕಾಗಿದ್ದ ಕಾಲದಲ್ಲಿ ಕೇಳಲಿಲ್ಲ. ಈಗ ಉತ್ತರ ಕೊಡುವವರಿಲ್ಲ.

ಇಲ್ಲಿ ನನ್ನ ಪ್ರಬಂಧದ ವಿಷಯಕ್ಕೆ ಮರಳಬೇಕು. ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲು ಎಂಬ ನಮ್ಮ ಸ್ಮಾರಕಶಿಲೆಗಳ ಮೂರೂ ಬಗೆಗಳಲ್ಲಿ ಸಮಾನವಾದುದು ಮರಣ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಮುಂಬಯಿಯ ಬೋರಿವಲಿಯ ಏಕ್ಸರ್‌ನಲ್ಲಿ ನೌಕಾಯುದ್ಧವನ್ನು ಕೆತ್ತಿದ ವೀರಗಲ್ಲುಗಳಿವೆ. ಸಾಲು ಹುಟ್ಟುಗಳ ನಾವೆಗಳು ಅಲ್ಲಿ ಎದುರುಬದುರಾಗಿವೆ. ಅವೂ ಮಡಿದವರ ಕಲ್ಲುಗಳೇ. ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿದೆ, ದತ್ತಿ ಸಂದಿದೆ. ತುರುವನ್ನು ಮರಳಿಸಿ ಮಡಿದವನಿಗೆ ಕಲ್ಲುಂಟು. ಆದರೆ ತುರುವನ್ನು ಪ್ರತಿದಿನ ಕಾದು, ಕಳ್ಳರು ಹತ್ತಿರ ಸುಳಿಯದಂತೆ ನೋಡಿಕೊಂಡು, ಸಂಜೆ ಹಟ್ಟಿಗೆ ಮುಟ್ಟಿಸಿ, ಮುಪ್ಪಾಗಿ ಸತ್ತ ತುರುಗಾಹಿಗೆ ಕಲ್ಲಿಲ್ಲ. ನನ್ನ ಮುನ್ನೂರು ಪುಟಗಳ ಪ್ರಬಂಧದಲ್ಲಿ ಈ ಕೊರತೆಯ ಬಗ್ಗೆ ಒಂದು ವಾಕ್ಯವೂ ಇಲ್ಲ. ಕಲ್ಲಿದ್ದಲ್ಲಿ ಮಾತ್ರ ಚರಿತ್ರೆ ಇದೆ ಎಂದು ನಾನು ನಂಬಿದ್ದೆ. ಹಾಗೆ ನಂಬಿದ್ದರಿಂದಲೇ ಮನೆಯ ಪಡಸಾಲೆ ನನಗೆ ಕ್ಷೇತ್ರವಾಗಿ ಕಾಣಲಿಲ್ಲ.

ಗೋದಾವರಿಯ ಮುಂದಿನ ಕಥೆಯನ್ನೂ ಹೇಳಬೇಕು. “ನನ್ನ ಹಡಗ ಪಾಕಿಸ್ತಾನಕ್ಕ ಹೋತು” ಎಂದು ಸಣ್ಣಜ್ಜ ಆಗೀಗ ಹೇಳುತ್ತಿದ್ದರು. ಅದನ್ನೂ ನಾವು ನಗೆಮಾತೆಂದೇ ತಿಳಿದಿದ್ದೆವು. 1947ರಲ್ಲಿ ದೇಶದೊಡನೆ ನೌಕಾಪಡೆಯೂ ಹಂಚಿಕೆಯಾಯಿತು. ಸಟ್ಲೆಜ್, ಜಮ್ನಾ, ಕಿಸ್ತ್ನಾ, ಕಾವೇರಿ ಭಾರತಕ್ಕೆ ಉಳಿದವು. ನರ್ಬದಾ, ಗೋದಾವರಿ ಪಾಕಿಸ್ತಾನಕ್ಕೆ ಹೋದವು. ನರ್ಬದಾ ‘ಝೇಲಂ’ ಆಯಿತು, ಗೋದಾವರಿ ‘ಸಿಂಧ್’ ಆಯಿತು. ಸಿಂಧ್ ಎಂಬ ಹೆಸರಿನಲ್ಲಿ ಹತ್ತು ವರ್ಷಗಳಷ್ಟು ತೇಲಿ, 1959ರಲ್ಲಿ ಗುಜರಿಗೆ ಮಾರಾಟವಾಯಿತು. ಶ್ರೀವಿಜಯನು ಒಂದು ನಾಡಿನ ಎರಡು ಮೇರೆಗಳೆಂದು ಹೆಸರಿಸಿದ ನದಿಗಳಲ್ಲಿ ಒಂದು ಈಚೆ ಉಳಿಯಿತು, ಇನ್ನೊಂದು ಆಚೆ ಹೋಗಿ ಹೆಸರನ್ನೂ ಕಳೆದುಕೊಂಡಿತು.

ಈಚೆ ಉಳಿದ ಕಾವೇರಿ ನಮ್ಮ ಕಡೆಗೇ ಒಮ್ಮೆ ಬಂದಿತ್ತು. 1961ರ ಡಿಸೆಂಬರ್ 18ರಂದು ಗೋವೆಯ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಮುರಗಾವ ಬಂದರಿನಲ್ಲಿದ್ದ ಪೋರ್ಚುಗೀಸರ ‘ಅಫೋನ್ಸೊ ದ ಅಲ್ಬುಕರ್ಕ್’ ಎಂಬ ಯುದ್ಧನೌಕೆಯನ್ನು ಎದುರಿಸಿದ ಭಾರತದ ಹಡಗುಗಳು ಬೇತ್ವಾ, ಬಿಯಾಸ್ ಮತ್ತು ಕಾವೇರಿ. ಏಟು ತಿಂದ ಆ ನೌಕೆಯನ್ನು ಅದರ ನಾವಿಕರು ದೋನಾ ಪೌಲಾದ ಬಳಿ ದಡಕ್ಕೆ ಹತ್ತಿಸಿ ಬಿಟ್ಟರು. ಅದೇ ದಿನ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಮಡಿದರು. ಕದಂಬರ ನಾವೆಗಳು ಓಡಾಡಿದ ಆ ಕರಾವಳಿಯಲ್ಲಿ, ಇಂದು ಕಾರವಾರದ ನೌಕಾನೆಲೆಗೆ ಐ.ಎನ್.ಎಸ್. ಕದಂಬ ಎಂಬ ಹೆಸರಿದೆ.

1983ರ ಡಿಸೆಂಬರಿನಲ್ಲಿ, ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಫ್ರಿಗೇಟೊಂದು ಐ.ಎನ್.ಎಸ್. ಗೋದಾವರಿ ಎಂಬ ಹೆಸರಿನಿಂದ ಸೇವೆಗೆ ಸೇರಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಕನ್ನಡ ಪತ್ರಿಕೆಯ ಆ ಸುದ್ದಿಯನ್ನು ಸಣ್ಣಜ್ಜನಿಗೆ ಓದಿ ಹೇಳಿದ್ದು ಸ್ಪಷ್ಟವಾಗಿ ನೆನಪಿದೆ. ಅವರು ಎರಡು ಸಲ ಓದಿಸಿದರು. ಆಮೇಲೆ, “ಹೆಸರರ ತಿರುಗಿ ಬಂತಲ್ಲ” ಎಂದರು. ಅವರ ಬದುಕಿನ ಒಂದು ಬಾಗಿಲು ಅಂದು ಅರ್ಧ ತೆರೆದಿತ್ತು. ಹದಿಮೂರು ವರ್ಷದ ನಾನು ಪತ್ರಿಕೆಯನ್ನು ಮಡಿಸಿಟ್ಟು ಆಡಲು ಓಡಿದೆ. ಆ ಗೋದಾವರಿಯೂ 32 ವರ್ಷ ದುಡಿದು 2015ರಲ್ಲಿ ನಿವೃತ್ತವಾಯಿತು.

ಆ ಮಹಾಯುದ್ಧದಲ್ಲಿ ದುಡಿದು ಬಂದವರು ಉತ್ತರ ಕರ್ನಾಟಕದ ಊರುಗಳಲ್ಲಿ ಸಣ್ಣಜ್ಜ ಒಬ್ಬರೇ ಆಗಿರಲಾರರು. ಅವರಲ್ಲಿ ಬಹುತೇಕ ಎಲ್ಲರೂ ಈಗ ತೀರಿಕೊಂಡಿದ್ದಾರೆ. ಅವರ ಟ್ರಂಕುಗಳು ಮಾತ್ರ ಇನ್ನೂ ಅಟ್ಟದ ಮೇಲಿರಬಹುದು. ಈ ಬರೆಹವನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಊರಿಗೆ ಹೋದಾಗ ಅಂಥ ಕಾಗದಗಳನ್ನು ಹುಡುಕಿರಿ. ಸಂಕ್ಷೇಪಾಕ್ಷರಗಳನ್ನು ಬಿಡಿಸಿ ಓದಿರಿ. ದಿನಾಂಕಗಳನ್ನು ಹಡಗಿನ ಅಥವಾ ದಂಡಿನ ದಾಖಲೆಯೊಡನೆ ಹೋಲಿಸಿರಿ. ಅದಕ್ಕೂ ಮೊದಲು, ಮನೆಯಲ್ಲಿ ಹಿರಿಯರಿದ್ದರೆ ಅವರು ಸುಮ್ಮನೆ ಆಡಿದಂತೆ ತೋರುವ ಮಾತನ್ನು ಇನ್ನೊಮ್ಮೆ ಕೇಳಿರಿ.

ಸಣ್ಣಜ್ಜನ ಪ್ರಮಾಣಪತ್ರದ ಮಡಿಕೆಗಳಿಗೆ ತೆಳುಗಾಗದ ಅಂಟಿಸಿ, ನನ್ನ ವೀರಗಲ್ಲುಗಳ ಪಡಿಯಚ್ಚುಗಳಿರುವ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಪಟ್ಟಿಯಲ್ಲಿ ಅದಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟಿದ್ದೇನೆ. ಸ್ಥಳ: ಉಪ್ಪಿನಬೆಟಗೇರಿ. ಕಾಲ: 1944. ಕಾಳಗದ ಬಗೆ ಎಂಬ ಅಂಕಣದಲ್ಲಿ ‘ಕಾವಲು’ ಎಂದು ಬರೆದೆ. ನನ್ನ ಹಳೆಯ ವರ್ಗೀಕರಣದಲ್ಲಿ ಆ ಪದ ಇರಲಿಲ್ಲ.